ಅನುದಾನಕ್ಕೊಬ್ಬಳು ಕಳ್ಳಿ

“ಕೇಬಲ್ ಯಾರಿಗಿ ಮಾರಿದಿ? ಬೊಗಳ್ತೀಯೋ ಇಲ್ಲೋ, ರಂಡಿ?”

ಕಾರಿನ ಬಾಗಿಲು ಹಾಕುವ ಮೊದಲೇ ಬಸಂತರಾಯ ಗೌಡ ಒದರಿದ. ಬಗ್ಗಿ ಕಸ ಹೊಡೆಯುತ್ತಿದ್ದ ಹೊನ್ನವ್ವ ಕಸಬರಿಗೆ ಹಿಡಿದುಕೊಂಡೇ ನೆಟ್ಟಗಾದಳು. ಚಾರ್ಜಿಂಗ್ ಯಂತ್ರದ ಕೇಬಲ್ ಹೋಗಿ ಏಳು ತಿಂಗಳಾಗಿತ್ತು. ಏಳು ತಿಂಗಳಲ್ಲಿ ಗೌಡ ಒಮ್ಮೆಯೂ ಅದರ ಸುದ್ದಿ ಎತ್ತಿರಲಿಲ್ಲ.

“ನಾ ಯಾಕ ಮಾರಲಿರಿ ಗೌಡ್ರ? ನಿಮ್ಮ ಆಳು ಕಲ್ಮೇಶನೇ ಬಂದು ಕೊಯ್ದು ಟ್ರ್ಯಾಕ್ಟರಿನ್ಯಾಗ ಹೇರ್ಕೊಂಡು ಹೋದ. ತ್ವಾಟದ ಮೋಟಾರಿಗಿ ಬೇಕಾಗೇತಿ ಅಂದ. ನಾ ಕಣ್ಣಾರೆ ನೋಡೇನಿ.”

ಗೌಡ ಕಾಲಿನ ಚಪ್ಪಲಿ ಕೈಗೆ ತೆಗೆದುಕೊಂಡ. ಪೆಟ್ಟು ಕಿವಿಯ ಮೇಲೆ ಬಿತ್ತು. ಸೆರಗು ಜಾರಿತು.

“ನನ್ನ ಎದುರಿಗಿ ನಿಂತು ನನ್ನ ಮ್ಯಾಲೇ ಹಾಕ್ತೀ? ಕೆಳಗೇರಿ ಸೂಳಿ, ಭಾಳ ಉದ್ದಾತು ನಾಲಿಗಿ.”

ಗೌಡನ ಸಂಗಡ ಬಂದಿದ್ದ ಸರ್ಕಾರಿ ಇಂಜಿನಿಯರ್ ರಾಘವೇಂದ್ರ ಅಷ್ಟರಲ್ಲಿ ಮೊಬೈಲ್ ತೆಗೆದು ಸುಟ್ಟ ಯಂತ್ರದ ಫೋಟೋ ಹೊಡೆಯತೊಡಗಿದ್ದ. ಹೊನ್ನವ್ವ ಅಡ್ಡ ಬರುತ್ತಿದ್ದಳು. “ಸ್ವಲ್ಪ ಆಚೆ ಸರಿ” ಎಂದು ಕೈ ಮಾಡಿದ. ಅವಳು ಕಿವಿ ಹಿಡಿದುಕೊಂಡು ಸರಿದಳು.

ತಾಂಬಾ ದಾಟಿ ಸಿಂದಗಿ ಕಡೆಗೆ ಹೋಗುವ ರಸ್ತೆಯಲ್ಲಿ, ಗೌಡನ ಹೊಲದ ಅಂಚಿಗೆ, ಕರೆಂಟಿನ ಗಾಡಿಗಳಿಗೆಂದು ಸರ್ಕಾರ ಆ ಚಾರ್ಜಿಂಗ್ ಸ್ಟೇಷನ್ ಹಾಕಿಸಿತ್ತು. ತಗಡಿನ ಚಪ್ಪರದ ಕೆಳಗೆ ಆಳೆತ್ತರದ ಎರಡು ಯಂತ್ರ. ನಡೆಸುವ ಗುತ್ತಿಗೆ ಗೌಡನದು, ಕಸ ಹೊಡೆದು ಕಾಯುವ ಕೆಲಸ ಹೊನ್ನವ್ವನದು. ನಾಲ್ಕು ತಿಂಗಳು ಎಲ್ಲ ಸರಿ ಇತ್ತು. ಒಂದು ಮಧ್ಯಾಹ್ನ ಒಳಗಿನಿಂದ ಸುಟ್ಟ ವಾಸನೆ ಬಂದು ಎರಡೂ ಯಂತ್ರ ನಿಂತುಹೋದವು. ಮಳೆಗಾಲಕ್ಕೆ ಮುಂಚೆ ಮಾಡಬೇಕಾದ ರಿಪೇರಿಯನ್ನು ಗೌಡ ಮಾಡಿಸಿರಲಿಲ್ಲ. ಆಮೇಲೆ ಯಾರೂ ತಿರುಗಿ ನೋಡಲಿಲ್ಲ. ಕಾಯುವವರೊಬ್ಬರು ಇರಬೇಕೆಂದು ಗುತ್ತಿಗೆಯಲ್ಲಿ ಬರೆದಿತ್ತಂತೆ. ಅದಕ್ಕಾಗಿ ಹೊನ್ನವ್ವ ಮಾತ್ರ ದಿನಾ ಬೆಳಿಗ್ಗೆ ಬಂದು ಸಂಜೆ ಹೋಗುತ್ತಿದ್ದಳು.

ಸುತ್ತ ಮನೆ ಇಲ್ಲ, ಮರ ಇಲ್ಲ. ಕಣ್ಣು ಹೋದಷ್ಟು ದೂರ ಎರೆ ಹೊಲ, ತೊಗರಿ. ವಾರಕ್ಕೊಂದು ಕಾರು ಮೊಬೈಲಿನ ಮ್ಯಾಪು ನಂಬಿ ಬಂದು ನಿಲ್ಲುತ್ತಿತ್ತು. “ಬಂದ್ ಐತ್ರಿ” ಅನ್ನುತ್ತಿದ್ದಳು. ಕಾರಿನವರು ಅವಳಿಗೇ ಬೈದು ಹೋಗುತ್ತಿದ್ದರು. ಬೈದರೂ ಮನುಷ್ಯರ ದನಿ. ಕಾರು ಮರೆಯಾಗುವ ತನಕ ರಸ್ತೆಗೆ ಬಂದು ನೋಡುತ್ತ ನಿಲ್ಲುತ್ತಿದ್ದಳು. ಕೆಲವು ದಿನ ಅದೂ ಇಲ್ಲ. ಸಂಜೆ ಕೇರಿಗೆ ಹೋಗಿ ಯಾರನ್ನಾದರೂ ಕರೆಯಲು ಬಾಯಿ ತೆರೆದರೆ ಗಂಟಲು ಕಟ್ಟಿಕೊಂಡಿರುತ್ತಿತ್ತು. ಗಂಡ ಕಬ್ಬು ಕಡಿಯಲು ಮಿರಜ ಕಡೆಗೆ ಹೋದವನು ಅಲ್ಲೇ ಇನ್ನೊಬ್ಬಳ ಜೊತೆ ನಿಂತಿದ್ದ. ಮಗಳು ಸುನಂದಾಳನ್ನು ಮುದ್ದೇಬಿಹಾಳಕ್ಕೆ ಕೊಟ್ಟಿತ್ತು.

ಅವಳ ಜೊತೆ ಕೂತು ಮಾತಾಡುತ್ತಿದ್ದದ್ದು ನರ್ಸ್ ಶಮ್ಶುನ್ನೀಸಾ ಒಬ್ಬಳೇ. ಕರೆಂಟಿನ ಸ್ಕೂಟರಿನ ಮೇಲೆ ಊರೂರಿಗೆ ಹೋಗಿ ಕೂಸುಗಳಿಗೆ ಸೂಜಿ ಮಾಡುವವಳು. ಮಧ್ಯಾಹ್ನ ಚಪ್ಪರದ ನೆರಳಿಗೆ ಬಂದು ಬುತ್ತಿ ಬಿಚ್ಚುತ್ತಿದ್ದಳು. ಹೊನ್ನವ್ವನ ಗಂಟಿನಿಂದ ರೊಟ್ಟಿ ಮುರಿದುಕೊಂಡು, ತನ್ನ ಡಬ್ಬಿಯನ್ನು ಅವಳ ಮುಂದೆ ಸರಿಸುತ್ತಿದ್ದಳು. ಕಲ್ಮೇಶ ಬಂದು ಕೇಬಲ್ ಕೊಯ್ದ ದಿನವೂ ಇಬ್ಬರೂ ಹಾಗೆಯೇ ಕೂತಿದ್ದರು.

ಚಪ್ಪಲಿ ಪೆಟ್ಟಿನ ಮರುದಿನ ಇಂಜಿನಿಯರ್ ರಾಘವೇಂದ್ರ ಒಬ್ಬನೇ ಬಂದ. ನಿಧಾನದ ಮನುಷ್ಯ. ಕಟ್ಟೆಯ ಮೇಲೆ ಪೇಪರು ಹಾಸಿ ಕೂತ.

“ನೋಡು ಹೊನ್ನವ್ವ, ನಾ ಬೈಲಿಕ್ಕೆ ಬಂದಿಲ್ಲ. ಕೆಟ್ಟ ಸ್ಟೇಷನ್ ರಿಪೇರಿಗೆ ಸರ್ಕಾರ ಅನುದಾನ ಕೊಡ್ಲಿಕತ್ತದ. ಆದ್ರ ನಡಸವರ ತಪ್ಪಿನಿಂದ ಸುಟ್ಟಿದ್ರ ಕೊಡೂದಿಲ್ಲ. ಕಳುವಾಗಿದ್ರ ಕೊಡ್ತದ. ಕಳುವು ಅಂದ್ರ ಪೊಲೀಸರ ಕಾಗದ ಬೇಕು. ಪೊಲೀಸರ ಕಾಗದಕ್ಕ ಒಬ್ಬ ಕಳ್ಳ ಬೇಕು.”

“ಅದಕ್ಕ?”

“ಎರಡು ದಿವಸ ಒಳಗ ಕೂತು ಬಾ. ಗೌಡ್ರೇ ಬಿಡಿಸಿಕೊಂಡು ಬರ್ತಾರ. ಕೇಸು ಎಲ್ಲಿ ನಿಲ್ತದ, ನಿಲ್ಲೂದಿಲ್ಲ. ಸ್ಟೇಷನ್ ಚಾಲೂ ಆಗ್ತದ, ನಿನ್ನ ನೌಕರಿನೂ ಉಳೀತದ. ಇಲ್ಲೊಂದು ಸಹಿ ಮಾಡು.”

ಹೊನ್ನವ್ವ ಕಾಗದ ನೋಡಿದಳು. ನಾಲ್ಕನೇ ಇಯತ್ತೆ ಓದಿದ್ದಳು. ತನ್ನ ಹೆಸರು, ಗಂಡನ ಹೆಸರು, ಜಾತಿ ಆಗಲೇ ಅದರಲ್ಲಿ ಅಚ್ಚಾಗಿದ್ದವು.

“ಸಾಹೇಬ್ರ, ಕಳ್ಳ ಅಂದ್ರ ಯಾರಿದ್ರೂ ನಡೀತೈತೇನ್ರಿ?”

“ಹೂಂ. ಹೆಸರೊಂದಿದ್ರ ಆತು.”

“ಹಂಗಾದ್ರ ನಿಮ್ಮ ಹೆಸರು ಬರಕೋರಿ.”

ರಾಘವೇಂದ್ರನಿಗೆ ಸಿಟ್ಟು ಬರಲಿಲ್ಲ. ಮನಸಾರೆ ನಕ್ಕ.

“ನನ್ನ ಹೆಸರು ಬರದ್ರ ಯಾರು ನಂಬ್ತಾರ, ಹೊನ್ನವ್ವ?”

ಅವಳು ಸಹಿ ಮಾಡಲಿಲ್ಲ. ಎರಡು ದಿನ ಬಿಟ್ಟು ಪೊಲೀಸ್ ಜೀಪು ಬಂತು. ಸಹಿ ಬೇಕಾಗಿರಲೇ ಇಲ್ಲ.

“ಮೂಲ್ಯಾಗ ಕುಂದ್ರು. ಬೆಂಚ್ ಮುಟ್ಟಬ್ಯಾಡ,” ಅಂದಳು ಠಾಣೆಯ ಪೊಲೀಸ್ ಹೆಂಗಸು. ಎಲ್ಲರೂ ಬೂಟು ಬಿಡುವ ಜಾಗದಲ್ಲಿ ಹೊನ್ನವ್ವ ಎರಡು ದಿನ ಕೂತಳು. ನೀರು ಕೇಳಿದರೆ ಬೊಗಸೆಗೆ ಮೇಲಿನಿಂದ ಸುರಿದರು. ಅವಳ ಮನೆಯಲ್ಲಿ, ಒಲೆಯ ಹಿಂದೆ, ಒಂದು ಮಾರು ತಾಮ್ರದ ತಂತಿ ಸಿಕ್ಕಿತೆಂದು ಬರೆದುಕೊಂಡರು. ಒಲೆ ಗೋಡೆಗೆ ಹತ್ತಿಕೊಂಡಿತ್ತು. ನಡುವೆ ಬೆರಳು ತೂರುವಷ್ಟೂ ಜಾಗವಿರಲಿಲ್ಲ. ತಂತಿಯನ್ನು ಕೈಗೆ ಕೊಟ್ಟು ನಿಲ್ಲಿಸಿ ಫೋಟೋ ತೆಗೆದರು. “ತಲಿ ಎತ್ತು” ಅಂದರು. ಎತ್ತಿದಳು. ಮರುದಿನ ಅದು ಪೇಪರಿನಲ್ಲಿ ಬಂತು.

ಮೂರನೇ ದಿನ ಗೌಡ ಬಂದು ಜಾಮೀನು ಕೊಟ್ಟ. ಠಾಣೆಯ ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ, “ಕಾಲು ಬೀಳು. ನಾ ಇಲ್ಲಂದ್ರ ಜೇಲಿನ್ಯಾಗ ಕೊಳೀತಿದ್ದಿ.”

ಹೊನ್ನವ್ವ ನಿಂತೇ ಇದ್ದಳು. ಪೊಲೀಸ್ ಹೆಂಗಸು ಅವಳ ಹೆಕ್ಕತ್ತಿಗೆ ಕೈ ಹಾಕಿ ಬಗ್ಗಿಸಿದಳು.

ಕೇರಿಗೆ ಬಂದಾಗ ನಳದ ಮುಂದಿದ್ದ ಹೆಂಗಸರು ಕೊಡ ತಮ್ಮ ಕಡೆಗೆ ಎಳೆದುಕೊಂಡರು. ಸಂಜೆ ಮಗಳ ಫೋನು ಬಂತು.

“ಅವ್ವಾ, ಅತ್ತಿ ಪೇಪರ್ ನೋಡ್ಯಾಳ. ಇಲ್ಲಿ ಎಲ್ಲಾರೂ ಆಡ್ಕೊಳ್ಳಾಕತ್ತಾರ. ಸ್ವಲ್ಪ ದಿನ ಇತ್ಲಾಗ ಬರಬ್ಯಾಡ.”

“ನಾ ಕದ್ದಿಲ್ಲ, ಸುನಂದಾ.”

“ನನಗ ಗೊತ್ತೈತಿ ಬಿಡವ್ವಾ. ಆದರೂ ಬರಬ್ಯಾಡ.”

ಹೊನ್ನವ್ವ ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಮೊದಲಾದರೆ ಒಂದು ರೊಟ್ಟಿ ಗೋಡೆಯ ಮೇಲಿನಿಂದ ಬರುತ್ತಿತ್ತು.

ಮರುದಿನ ರಸ್ತೆಯಲ್ಲಿ ಕಾದು ನಿಂತು ಶಮ್ಶುನ್ನೀಸಾಳ ಸ್ಕೂಟರು ತಡೆದಳು.

“ಬಾಯಾರ, ಕಲ್ಮೇಶ ಕೇಬಲ್ ಕೊಯ್ಯೂದು ನೀವೂ ನೋಡೀರಿ. ಠಾಣ್ಯಾಗ ಬಂದು ಒಂದ್ ಮಾತು ಹೇಳ್ರಿ. ಒಂದೇ ಮಾತು.”

ಶಮ್ಶುನ್ನೀಸಾ ಗಾಡಿಯಿಂದ ಇಳಿಯಲಿಲ್ಲ.

“ನಾ ಇನ್ನೂ ಗುತ್ತಿಗಿ ಮ್ಯಾಲ ಅದೇನಿ ಹೊನ್ನವ್ವ. ಗೌಡರು ಒಂದು ಫೋನ್ ಮಾಡಿದ್ರ ನನ್ನ ನೌಕರಿ ಹೋಗ್ತೈತಿ. ಮಕ್ಕಳು ಅದಾವು. ಮಾಫ್ ಮಾಡವ್ವಾ.”

ಆ ಗಾಡಿಗೆ ಸಪ್ಪಳವಿಲ್ಲ. ಹೋದದ್ದೂ ಕೇಳಿಸಲಿಲ್ಲ. ಆಮೇಲೆ ಶಮ್ಶುನ್ನೀಸಾ ಚಪ್ಪರದ ಹತ್ತಿರ ಬರಲಿಲ್ಲ. ಒಳದಾರಿ ಹಿಡಿದು ತಿರುಗಾಡತೊಡಗಿದಳು.

ಕಳ್ಳಿಯನ್ನು ಹೊಲದ ಕೆಲಸಕ್ಕೆ ಯಾರೂ ಕರೆಯಲಿಲ್ಲ. ಗೌಡ ಹೇಳಿಕಳಿಸಿದಾಗ ಹೊನ್ನವ್ವ ಮತ್ತೆ ಅದೇ ಕಸಬರಿಗೆ ಹಿಡಿದಳು. ಅನುದಾನ ಮಂಜೂರಾಗಿತ್ತು. ನಾಲ್ಕು ಜನ ಬಂದು ಎರಡು ದಿನದಲ್ಲಿ ಯಂತ್ರಗಳಿಗೆ ಹಸಿರು ಬಣ್ಣ ಬಳಿದರು, ಹೊಸ ಸ್ಟಿಕ್ಕರು ಅಂಟಿಸಿದರು. ಸ್ಕೂಟರಿನವರಿಗೆಂದು ಗೋಡೆಗೆ ಮೂರು ಸಾದಾ ಪ್ಲಗ್ಗಿನ ಡಬ್ಬಿ ಕೂಡಿಸಿದರು. ದಪ್ಪನೆಯ ಹೊಸ ಕೇಬಲ್ ನೇತಾಡಿಸಿದರು. ಹೊನ್ನವ್ವ ಯಂತ್ರದ ಹಿಂದೆ ಒರೆಸುವಾಗ ನೋಡಿದಳು. ಕೇಬಲ್ಲಿನ ಇನ್ನೊಂದು ತುದಿ ಯಾವುದಕ್ಕೂ ತಾಗದೆ ಟೇಪು ಸುತ್ತಿಕೊಂಡು ಬಿದ್ದಿತ್ತು. ಗೋಡೆಯ ಡಬ್ಬಿಗಳಿಗೂ ವಾಯರು ಎಳೆದಿರಲಿಲ್ಲ. ಕಲ್ಮೇಶ ಒಂದು ಹಳೆಯ ಟ್ರ್ಯಾಕ್ಟರಿನ ಬ್ಯಾಟರಿ ತಂದು ಒಳಗಿಟ್ಟ. ಯಂತ್ರದ ಮುಖದ ಮೇಲೆ ದೀಪ ಹತ್ತಿತು.

“ಲೈನ್ ಯಾವಾಗ ಎಳೀತೀರೋ, ತಮ್ಮಾ?”

“ಒಳಗ ಯಾವ ಮಗಾ ಬಗ್ಗಿ ನೋಡ್ತಾನ? ದೀಪ ಹತ್ತಿದ್ರ ಮುಗೀತು. ಬಾಯಿ ಮುಚ್ಕೊಂಡು ಒರಸು.”

ಪ್ರಾರಂಭೋತ್ಸವಕ್ಕೆ ಶಾಮಿಯಾನ ಹಾಕಿದರು. ವಿಜಯಪುರದಿಂದ ದೊಡ್ಡ ಅಧಿಕಾರಿ ಡೀಸೆಲ್ ಗಾಡಿಯಲ್ಲಿ ಬಂದ. ಸ್ವಾಮಿಗಳು ಯಂತ್ರಕ್ಕೆ ವಿಭೂತಿ ಬಳಿದು ಕಾಯಿ ಒಡೆಸಿದರು. ಸುತ್ತಲಿನ ಊರಿನ ಅಂಗನವಾಡಿಯವರು, ನರ್ಸುಗಳು ಬಂದು ಕುರ್ಚಿ ತುಂಬಬೇಕೆಂದು ಹೇಳಿಕಳಿಸಿದ್ದರು. ಶಮ್ಶುನ್ನೀಸಾ ಸ್ಕೂಟರಿನ ಹತ್ತಿರವೇ ನಿಂತಿದ್ದಳು. ಮೈಕಿಗೆಂದು ಬಾಡಿಗೆ ಜನರೇಟರು ಗೋಡೆಯ ಮೂಲೆಯಲ್ಲಿ ಗುಡುಗುತ್ತಿತ್ತು. “ಅದರ ಹಿಂದ ಕುಂದ್ರು. ಫೋಟೋದಾಗ ಬರಬ್ಯಾಡ,” ಎಂದು ಕಲ್ಮೇಶ ಹೊನ್ನವ್ವನನ್ನು ಅಲ್ಲಿ ಕೂರಿಸಿದ್ದ. ಹೊಗೆ ಅವಳ ಮುಖಕ್ಕೇ ಬರುತ್ತಿತ್ತು.

ಗೌಡ ಮೈಕು ಹಿಡಿದ.

“ಬಂಧುಗಳೇ, ನಾವು ಊರಿಗಿ ಬೆಳಕು ತಂದ್ರ, ಕೆಲವು ಮಂದಿ ಅದನ್ನೂ ಕೊಯ್ದು ಮಾರಿಕೊಂಡು ತಿಂತಾರ. ಹೆಸರು ಹೇಳೂದಿಲ್ಲ. ಹೇಳಿದ್ರ ಬಾಯಿ ಹೊಲಸಾಗ್ತೈತಿ. ಅಂಥಾವ್ರಿಗೂ ನಾವು ಕೆಲಸಾ ಕೊಟ್ಟು ಅನ್ನಾ ಹಾಕೇವಿ.”

ಜನ ಹೊರಳಿ ಜನರೇಟರಿನ ಕಡೆ ನೋಡಿ ನಕ್ಕರು. ಮುಂದಿನ ಸಾಲಿನಲ್ಲಿ ರಾಘವೇಂದ್ರನೂ ನಕ್ಕ, ಅಂದು ನಕ್ಕಂತೆಯೇ, ಯಾವ ಕೆಡುಕೂ ಇಲ್ಲದೆ.

ಹೊನ್ನವ್ವ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಜನರೇಟರಿನಿಂದ ಮೈಕಿನ ಪ್ಲಗ್ಗು ಕಿತ್ತಳು. ವಾಯರು ಎಳೆದುಕೊಂಡು ನಾಲ್ಕು ಹೆಜ್ಜೆ ನಡೆದು, ಗೋಡೆಯ ಹೊಸ ಡಬ್ಬಿಗೆ ಅದನ್ನು ಒತ್ತಿ ಸ್ವಿಚ್ಚು ಕೆಳಗೆ ಮಾಡಿದಳು.

ಗೌಡನ ಬಾಯಿ ಇನ್ನೂ ಆಡುತ್ತಿತ್ತು. ದನಿ ಇರಲಿಲ್ಲ. ಮೈಕನ್ನು ಎರಡು ಸಲ ಬಡಿದ, ಊದಿದ. ಜನರೇಟರಿನ ಗುಡುಗೊಂದೇ ಉಳಿಯಿತು.

“ಮಾತಾಡ್ರಿ ಗೌಡ್ರ,” ಅಂದಳು ಹೊನ್ನವ್ವ. ತಿಂಗಳುಗಟ್ಟಲೆ ಎತ್ತರಿಸದ ದನಿ ಒಡೆದು ಬಂತು. “ಸರ್ಕಾರದ ಕರೆಂಟಿಗಿ ಹಚ್ಚೇನಿ. ಮಾತಾಡ್ರಿ.”

ಯಾರೂ ನಗಲಿಲ್ಲ. ದೊಡ್ಡ ಅಧಿಕಾರಿ ಗೋಡೆಯ ಡಬ್ಬಿ ನೋಡಿದ, ಆಮೇಲೆ ರಾಘವೇಂದ್ರನನ್ನು ನೋಡಿದ. ರಾಘವೇಂದ್ರ ಮೊಬೈಲ್ ತೆಗೆದ. ಕಲ್ಮೇಶ ಓಡಿ ಬಂದು ಅವಳ ತೋಳು ಜಗ್ಗಿದ. “ಬಿಡಲೇ ಹಾಟ್ಯಾ!” ಎಂದು ಮೊಣಕೈಯಿಂದ ಅವನ ಎದೆಗೆ ಗುದ್ದಿ, ಪ್ಲಗ್ಗಿಗೆ ಬೆನ್ನು ಕೊಟ್ಟು ಗೋಡೆಗೆ ಒರಗಿ ನಿಂತಳು.

“ಬಾಯಾರ,” ಎಂದು ಜನದ ಆಚೆಗೆ ಕೂಗಿದಳು, “ನಿಮ್ಮ ಗಾಡಿ ತರ್ರಿ. ಹಚ್ಚಿ ನೋಡ್ರಿ.”

ಶಮ್ಶುನ್ನೀಸಾಳ ಕೈ ಸ್ಕೂಟರಿನ ಹ್ಯಾಂಡಲ್ ಮೇಲಿತ್ತು. ಎಲ್ಲರೂ ಅವಳತ್ತ ಹೊರಳಿದರು. ಅವಳು ಕೈ ತೆಗೆಯಲಿಲ್ಲ; ಗಾಡಿಯನ್ನು ಮುಂದೆ ತಳ್ಳಲೂ ಇಲ್ಲ.

“ಏನ್ ನೋಡ್ತೀರಿ, ಎಳದು ಒಗೀರಿ ಆಕಿನ್ನ!” ಮೈಕಿಲ್ಲದ ಗೌಡನ ಕೂಗು ಹಿಂದಿನ ಕುರ್ಚಿಗಳ ತನಕ ಮುಟ್ಟಲಿಲ್ಲ.

ಬಂದೋಬಸ್ತಿಗೆ ಬಂದಿದ್ದ ಅದೇ ಠಾಣೆಯ ಪೊಲೀಸ್ ಹೆಂಗಸು ಶಾಮಿಯಾನದ ನೆರಳಿನಿಂದ ಹೊರಬಿದ್ದು ಬಿಸಿಲಲ್ಲಿ ಹೊನ್ನವ್ವನ ಕಡೆಗೆ ನಡೆದಳು. ನಡುವೆ ಯಾರೂ ಅಡ್ಡ ಬರಲಿಲ್ಲ. ಹೊನ್ನವ್ವ ಕಾಲು ಅಗಲಿಸಿ ಊರಿ, ಬೆನ್ನನ್ನು ಪ್ಲಗ್ಗಿಗೆ ಇನ್ನಷ್ಟು ಒತ್ತಿದಳು.