ವಾರಿಜಮ್ಮನ ತಾಳ

ಜಯನಗರದಲ್ಲಿ ಭಜನೆ ಹೇಳುವ ಹೆಂಗಸರಿಗೇನು ಬರವೇ? ಬೀದಿಗೊಂದು ಮಂಡಳಿ ಇದೆ. ಆದರೆ ವಾರಿಜಮ್ಮ ಪಲ್ಲವಿ ಎತ್ತಿದರೆ, ಗುಡಿಯ ಹೊರಗೆ ಚಪ್ಪಲಿ ಬಿಡುತ್ತಿದ್ದವರು ಒಂದು ಚಪ್ಪಲಿ ಕಾಲಲ್ಲೇ ಇಟ್ಟುಕೊಂಡು ನಿಂತುಬಿಡುತ್ತಿದ್ದರು. ಅಂಥ ಕಂಠ. ಅದರ ಹೆಮ್ಮೆ ಅವರಿಗೂ ಇತ್ತು, ಸುಳ್ಳೇಕೆ ಹೇಳಲಿ?

ಹೋದ ವರ್ಷ ಗಂಟಲಿಗೆ ಆಪರೇಷನ್ ಆಯಿತು. ಗಂಟು ಹೋಯಿತು, ಅದರ ಹಿಂದೆಯೇ ಕಂಠವೂ ಹೋಯಿತು. ಉಳಿದದ್ದು ಗೊಗ್ಗರು ದನಿ. ಅದಕ್ಕಿಂತ ಹೆಚ್ಚಾಗಿ ಅವರನ್ನು ತಿಂದದ್ದು ಇನ್ನೊಂದು ಸಂಕಟ. ದೇವರ ಮುಂದೆ ಕೂತರೆ ಏನೂ ಅನ್ನಿಸುತ್ತಿರಲಿಲ್ಲ. ದೀಪ ಹಚ್ಚುತ್ತಿದ್ದರು, ಹೂ ಏರಿಸುತ್ತಿದ್ದರು. ಕಾವೇರಿ ನೀರು ಬರದ ದಿನ ನಲ್ಲಿ ತಿರುಗಿಸಿದರೆ ಬರೀ ಗಾಳಿ ಬರುತ್ತದಲ್ಲ, ಹಾಗಿತ್ತು ಅವರ ಪೂಜೆ.

"ಅವನಿಗೆ ನನ್ನ ಹಾಡು ಸಾಕಾಯ್ತು ರೀ, ಅದಕ್ಕೇ ಕಿತ್ಕೊಂಡ," ಎಂದು ಗಂಡ ಅನಂತರಾಮು ಎದುರು ಅತ್ತಿದ್ದರು.

ಧನುರ್ಮಾಸ ಬಂತು. ನಸುಕಿನಲ್ಲೇ ಪೂಜೆ, ಹೆಂಗಸರ ಭಜನೆ, ಆಮೇಲೆ ಬಿಸಿಬಿಸಿ ಹುಗ್ಗಿ. ಮುಂದೆ ನಿಂತು ಹಾಡುವವರ ಕೈಯಲ್ಲೇ ಕಂಚಿನ ತಾಳ ಇರಬೇಕು ಅನ್ನುವುದು ಅವರ ಮಂಡಳಿಯ ಪದ್ಧತಿ. ಅದು ಇನ್ನೂ ವಾರಿಜಮ್ಮನ ಮನೆಯಲ್ಲೇ ಇತ್ತು. ಈಗ ಹಾಡುವವಳು ಜಯಶೀಲಾ. ತಂದುಕೊಡುತ್ತೇನೆಂದು ಅವಳಿಗೆ ಫೋನ್ ಮಾಡಿ ಹೇಳಿಯೂ ಆಗಿತ್ತು.

"ಕೊಟ್ಬಿಟ್ಟು ಬರ್ತೀನಿ. ಇನ್ನು ಗುಡಿ ಕಡೆ ತಲೆ ಹಾಕಲ್ಲ," ಎಂದು ವಾರಿಜಮ್ಮ ತಾಳವನ್ನು ಚೀಲಕ್ಕೆ ಹಾಕಿಕೊಂಡರು.

"ಕೊಡೋಕೆ ಈ ಚಳೀಲಿ ಯಾಕೆ? ಹತ್ತು ಗಂಟೆಗೆ ಹೋದ್ರೂ ಆಗುತ್ತಲ್ಲ," ಎಂದರು ಅನಂತರಾಮು.

"ಸುಮ್ನಿರಿ ನೀವು."

ಗುಡಿಯಲ್ಲಿ ಜಯಶೀಲಾ ಹೆದರಿಕೊಂಡೇ ಹಾಡುತ್ತಿದ್ದಳು. ದನಿ ಇಂಪಾಗಿಯೇ ಇತ್ತು. ಆದರೆ ತಾಳವಿಲ್ಲ, ಮೇಲಾಗಿ ಅಡುಗೆಮನೆಯಿಂದ ಹುಗ್ಗಿಯ ಘಮ! ಹಾಡು ಓಡತೊಡಗಿತು. ಹಿಂದಿನ ಸಾಲಿನವರು ಮುಂದಿನವರಿಗಿಂತ ಮೊದಲೇ ಚರಣ ಮುಗಿಸಿ ಕೂತರು.

ಕಂಬದ ಪಕ್ಕ ನಿಂತಿದ್ದ ವಾರಿಜಮ್ಮ ಒಂದು ಚರಣ ಹಲ್ಲು ಕಚ್ಚಿ ಸಹಿಸಿದರು. ಎರಡನೆಯದಕ್ಕೆ ಪಿತ್ತ ನೆತ್ತಿಗೇರಿತು.

"ಅಯ್ಯೋ ರಾಮ! ದೇವರಿಗೆ ಹಾಡ್ತಿದೀರೋ, ಬಸ್ ಹಿಡೀತಿದೀರೋ?"

ಚೀಲದಿಂದ ತಾಳ ತೆಗೆದು ಬಾರಿಸಿಯೇಬಿಟ್ಟರು. ಠಣ್! ಎಲ್ಲರೂ ತಿರುಗಿದರು. ವಾರಿಜಮ್ಮನ ಕೈ ನಿಲ್ಲಲಿಲ್ಲ. ಜಯಶೀಲಾ ಉಸಿರೆಳೆದುಕೊಂಡು ಪಲ್ಲವಿಯನ್ನು ಮತ್ತೆ ಎತ್ತಿದಳು, ಈ ಸಲ ನಿಧಾನವಾಗಿ. ಅಷ್ಟೂ ಹೆಂಗಸರು ಅದನ್ನು ತಿರುಗಿ ಹಾಡಿದರು.

ವಾರಿಜಮ್ಮನಿಗೆ ಮೈ ಜುಮ್ಮೆಂದಿತು. ಇಷ್ಟು ವರ್ಷ ತಮ್ಮ ದನಿಯೇ ತಮ್ಮ ಕಿವಿ ತುಂಬಿರುತ್ತಿತ್ತು. ಇವರೆಲ್ಲ ಇಷ್ಟು ಚೆನ್ನಾಗಿ ಹಾಡುತ್ತಾರೆಂದು ಕೇಳಿಸಿಕೊಂಡೇ ಇರಲಿಲ್ಲ. ಅಷ್ಟರಲ್ಲಿ ಪರದೆ ಸರಿಯಿತು, ಮಂಗಳಾರತಿಯ ಬೆಳಕಿನಲ್ಲಿ ಸ್ವಾಮಿಯ ಮುಖ ಕಂಡಿತು. ಅವರಿಗೆ ಗೊತ್ತಿಲ್ಲದೆಯೇ ಬಾಯಿ ತೆರೆಯಿತು. ಅದೇ ಗೊಗ್ಗರು ದನಿ. ಅದನ್ನು ಕೇಳಿ ಚಪ್ಪಲಿ ಬಿಡುವವರು ಯಾರೂ ನಿಲ್ಲಲಿಲ್ಲ. ನಿಲ್ಲದಿದ್ದರೆ ಅಷ್ಟೇ ಹೋಯಿತು! ಎಷ್ಟೋ ತಿಂಗಳ ಮೇಲೆ ಎದೆ ತುಂಬಿ, ಕಣ್ಣಲ್ಲಿ ಧಾರಾಕಾರ ನೀರು.

ಜಯಶೀಲಾ ದೊನ್ನೆಯಲ್ಲಿ ಹುಗ್ಗಿ ತಂದುಕೊಟ್ಟಳು. "ಆಂಟಿ, ತಾಳ ಕೊಡ್ತೀನಿ ಅಂದಿದ್ರಿ..."

"ಅಂದಿದ್ದೆ. ಈಗ ಕೊಡಲ್ಲ, ಹೋಗು."

"ಹಾಡೋರ ಕೈಲೇ ಇರ್ಬೇಕು ಅಂತ ಪದ್ಧತಿ ಅಲ್ವಾ ಆಂಟಿ?"

"ಆ ಪದ್ಧತಿ ಮಾಡಿದ್ದೇ ನಾನು ಕಣೇ. ನಾಳೆಯಿಂದ ಹಾಡು ನಿಂದು, ತಾಳ ನಂದು."

ಮನೆಯಲ್ಲಿ ಅನಂತರಾಮು ಬಾಗಿಲು ತೆಗೆದರು. ಹೆಂಡತಿಯ ಒದ್ದೆ ಮುಖವನ್ನೂ ಕೈಯಲ್ಲಿದ್ದ ಚೀಲವನ್ನೂ ನೋಡಿದರು.

"ಕೊಟ್ಟು ಬಂದ್ಯಾ?"

ವಾರಿಜಮ್ಮ ತಲೆ ಎತ್ತಿಕೊಂಡು ಒಳಗೆ ಬಂದರು.

"ಅವನು ಬಿಡ್ಲಿಲ್ಲ ರೀ."