ಹನ್ನೆರಡು ಅಡಿಕೆಯ ದಾರಿ

ಕತ್ತಿಯ ತುದಿಗೆ ಉಪ್ಪು ಹಚ್ಚಿ ನೆಕ್ಕಿ, ದೊರೆಯ ಹಳೆಯ ಬಂಟ ಫಾನ್ ಆಣೆ ಮಾಡಿದ. ಗುಹೆಯಲ್ಲಿದ್ದ ಆರು ಬಿಲ್ಲಾಳುಗಳೂ ನಂಬಿದರು. ದೊರೆಯ ಅಕ್ಕ ಸಿಲ್ಬೋನ್ ಮಾತ್ರ ನಂಬಲಿಲ್ಲ. ಅವಳು ಯಾರನ್ನು ತಾನೇ ನಂಬಿದ್ದಳು!

"ದೊರೆ, ಬಿಳಿ ಸಾಹೇಬ ಸೋಹ್ರಾ ಊರು ಬಿಟ್ಟು ಕದಲಿಲ್ಲ. ಆಯುಧ ಬಿಟ್ಟು ನನ್ನ ಜೊತೆ ಬನ್ನಿ, ಮಾತಾಡಿ. ರಾಜ್ಯ ವಾಪಸ್ ಕೊಡ್ತಾನಂತೆ," ಎಂದ ಫಾನ್.

ದೊರೆ ರೆಂಗ್ ಸಿಂಗ್ ಬಂಡೆಗೆ ಒರಗಿದ್ದ. ಗುಂಡು ತಗುಲಿದ ತೋಳು ಬಾತು ಕುಂಬಳಕಾಯಿಯಾಗಿತ್ತು. ನನ್ನ ನೆಲದಲ್ಲಿ ನಿಮ್ಮ ರಸ್ತೆ ಬೇಡ ಎಂದು ಬಿಳಿಯರ ಮೇಲೆ ಬಿದ್ದವನು, ನಾಲ್ಕು ತಿಂಗಳು ಗುಹೆಯಿಂದ ಗುಹೆಗೆ ಅಲೆದು ಹಣ್ಣಾಗಿದ್ದ. ಸೋತವನ ಕಿವಿಗೆ ಯಾರ ಮಾತಾದರೂ ಸಿಹಿಯೇ.

"ಉಪ್ಪು ನೆಕ್ಕಿದ್ದಾನಲ್ಲಕ್ಕ."

"ಆಡೂ ಉಪ್ಪು ನೆಕ್ಕುತ್ತೆ. ಸುಮ್ನಿರು."

ಫಾನ್ ನಕ್ಕ. "ಅಕ್ಕನ ನಾಲಿಗೆ ಇನ್ನೂ ಹಾಗೇ ಇದೆ."

"ಸೋಹ್ರಾದಿಂದ ಒಬ್ಬನೇ ಬಂದ್ಯಾ? ಹೆಂಡ್ತಿ ಎಷ್ಟು ಅಡಿಕೆ ಕಟ್ಟಿದ್ಲು?"

"ಬರೋಕೆ ಹನ್ನೆರಡು. ಹೋಗೋಕೆ ದೊರೆ ಕೊಡ್ತಾರಲ್ಲ!"

"ಕೊಡ್ತಾರೆ. ಮೊದ್ಲು ನನಗೊಂದು ಕೊಡು. ನಮ್ಮಲ್ಲಿ ಮುಗಿದು ವಾರ ಆಯ್ತು."

ಅಡಿಕೆ ಕೇಳಿದರೆ ಇಲ್ಲವೆನ್ನುವ ಖಾಸಿ ಬೆಟ್ಟದವನು ಇನ್ನೂ ಹುಟ್ಟಿಲ್ಲ. ಅವನು ಚೀಲ ಬಿಚ್ಚಿದ್ದೇ ತಡ, ಅವಳು ಕಸಿದು ಮಡಿಲಿಗೆ ಸುರಿದಳು. ಆ ಬೆಟ್ಟಗಳಲ್ಲಿ ದಾರಿ ಅಳೆಯುವುದೇ ಮೆದ್ದ ಅಡಿಕೆಯಿಂದ. ಸೋಹ್ರಾ ಹನ್ನೆರಡು ಅಡಿಕೆ ದೂರ. ಮಡಿಲಲ್ಲಿ ಹತ್ತು ಉಳಿದಿದ್ದವು. ಜೊತೆಗಿದ್ದ ವೀಳ್ಯದೆಲೆ ಬಾಡಿಯೂ ಇರಲಿಲ್ಲ.

"ಎರಡು ಅಡಿಕೆಗೆ ಇಲ್ಲಿಗೆ ಬಂದ್ಬಿಟ್ಯಲ್ಲೋ! ಸಾಹೇಬ ಕೆಳಗೆ ಕಣಿವೇಲೇ ಕೂತಿದ್ದಾನಾ?"

"ದಾರೀಲಿ ಹಾಕ್ಲಿಲ್ಲಕ್ಕ..."

"ನಮ್ಮಲ್ಲಿ ಸತ್ತೋರೂ ದೇವರ ಹತ್ರ ಕೂತು ಅಡಿಕೆ ಮೆಲ್ತಾರೆ. ನೀನು ಬದುಕಿದ್ದೂ ಬಿಟ್ಯಾ?"

ಬಿಲ್ಲಾಳುಗಳು ಎದ್ದು ನಿಂತರು. ಫಾನ್ ಕೈಮುಗಿದ. "ಹೆಂಡ್ತಿ ಮಕ್ಕಳನ್ನ ಹಿಡ್ಕೊಂಡಿದ್ದಾರೆ. ನಾನೇನು ಮಾಡ್ಲಿ?"

ರೆಂಗ್ ಸಿಂಗ್ ಎಡಗೈಯಲ್ಲಿ ಕತ್ತಿ ಎತ್ತಿಕೊಂಡು ಎದ್ದ. "ಇವನನ್ನ ಕೊಲ್ಬೇಡಿ, ಕಟ್ಟಿಹಾಕಿ. ನಮ್ಮ ಕೈಗೆ ಸಿಕ್ಕಿಬಿದ್ದ ಅಂತ ಬಿಳಿಯರು ಅಂದ್ಕೊಂಡ್ರೆ ಇವನ ಹೆಂಡ್ತಿ ಮಕ್ಕಳನ್ನಾದ್ರೂ ಬಿಟ್ಟಾರು. ನಡೀರಿ, ಪಡುವಣ ಗುಹೆಗೆ."

ಸಿಲ್ಬೋನ್ ತಾನೇ ಗಂಟು ಬಿಗಿದಳು, ಮತ್ತೊಮ್ಮೆ ಎಳೆದು ನೋಡಿದಳು. ಹೊರಗೆ ಬಂದು, ಮಾತು ಕೇಳಿಸದಷ್ಟು ದೂರ ಹೋದ ಮೇಲೆ, ತಮ್ಮನ ತೋಳು ಹಿಡಿದು ಮೂಡಣಕ್ಕೆ ತಿರುಗಿಸಿದಳು.

"ಅವನಿಗೂ ಕಿವಿ ಇದೆ, ದಡ್ಡ."