ಬಟಾಣಿಗೆ ಬಿಸ್ಕತ್ತಿನ ಪಾಠ

ಕ್ರಿಸ್ಮಸ್ಸಿಗೆ ಮುಂಚಿನ ಭಾನುವಾರ ಬೆಳಿಗ್ಗೆ ತಮ್ಮನ ಮನೆಯ ಮೆಟ್ಟಿಲು ಹತ್ತುವಾಗ ಅತ್ತೆಯ ಕೈಯಲ್ಲಿ ಎರಡು ಚೀಲಗಳಿದ್ದವು. ಒಂದರಲ್ಲಿ ಬೆಣ್ಣೆ, ಮೈದಾ, ಶುಂಠಿ ಪುಡಿ, ಬಣ್ಣಬಣ್ಣದ ಸಕ್ಕರೆ ಕಾಳು. ಇನ್ನೊಂದರಲ್ಲಿ ಬಿಸ್ಕತ್ತಿನ ಅಚ್ಚುಗಳು. ಅತ್ತೆ ಎಂದು ಕರೆಯುವವರು ತಮ್ಮನ ಇಬ್ಬರು ಮಕ್ಕಳು. ಮಿಕ್ಕವರಿಗೆಲ್ಲ ಅವಳು ಪರದೆ ಅಂಗಡಿಯ ಟೈಲರಮ್ಮ. ಡಿಸೆಂಬರ್ ಬಂತೆಂದರೆ ಎಲ್ಲರ ಕಿಟಕಿಗೂ ಹೊಸ ಬಟ್ಟೆ ಬೇಕು, ಅವಳಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಆದರೂ ಈ ಒಂದು ಭಾನುವಾರವನ್ನು ಅವಳು ಯಾವ ಗಿರಾಕಿಗೂ ಬಿಟ್ಟುಕೊಟ್ಟವಳಲ್ಲ. ಮಕ್ಕಳ ಜೊತೆ ಹಬ್ಬದ ಬಿಸ್ಕತ್ತು ಮಾಡುವ ದಿನ ಅದು.

ಈ ಸಲ ಮಾತ್ರ ಕಾಲೇ ಏಳುತ್ತಿರಲಿಲ್ಲ. ಹಿಂದಿನ ವಾರ ತಮ್ಮ ಫೋನ್ ಮಾಡಿ ವಿಷಯ ಹೇಳಿದ್ದ. ಅವನೂ ಅವನ ಹೆಂಡತಿಯೂ ಬೇರೆಯಾಗುವುದು ಗಟ್ಟಿಯಾಗಿತ್ತು. ಅದೇನೂ ಅವಳಿಗೆ ಹೊಸ ಸುದ್ದಿಯಲ್ಲ. ಆ ಮನೆಯಲ್ಲಿ ಗಂಡ ಹೆಂಡತಿ ಬಹಳ ದಿನಗಳಿಂದ ಮಕ್ಕಳ ಬಾಯಿಂದಲೇ ಮಾತಾಡುತ್ತಿದ್ದರು. ಅಪ್ಪನನ್ನು ಊಟಕ್ಕೆ ಕರಿ ಎಂದು ಅವಳು, ಹಸಿವಿಲ್ಲ ಅಂತ ಅಮ್ಮನಿಗೆ ಹೇಳು ಎಂದು ಇವನು. ಹೊಸದೆಂದರೆ ಮಕ್ಕಳ ವಿಷಯ. ಅವನಿಗೆ ಬೇರೆ ಊರಿನ ಕಾಗದದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಹೆಂಡತಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಹೆಚ್ಚಿನ ದಿನ ಅವಳು ಮನೆ ಸೇರುವ ಹೊತ್ತಿಗೆ ಮಕ್ಕಳು ಮಲಗಿರುತ್ತಿದ್ದರು. ಇಬ್ಬರನ್ನೂ ಒಬ್ಬರೇ ನೋಡಿಕೊಳ್ಳುವುದು ಆಗದ ಮಾತು. ಹಾಗಾಗಿ ಎಂಟು ವರ್ಷದ ಮಗಳು ಅಪ್ಪನ ಜೊತೆ ಹೋಗುವುದು, ನಾಲ್ಕು ವರ್ಷದ ಮಗ ಅಮ್ಮನ ಹತ್ತಿರ ಉಳಿಯುವುದು ಎಂದು ತೀರ್ಮಾನ ಮಾಡಿಕೊಂಡಿದ್ದರು. ಹಬ್ಬ ಮುಗಿಯುವ ತನಕ ಮಕ್ಕಳಿಗೆ ಹೇಳುವುದು ಬೇಡ, ನೀನೂ ಬಾಯಿ ಬಿಡಬೇಡ ಎಂದಿದ್ದ ತಮ್ಮ. ಪಾತ್ರೆ ಪಗಡೆ ಹಂಚಿಕೊಂಡ ಹಾಗೆ ಮಕ್ಕಳನ್ನೂ ಹಂಚಿಕೊಂಡಿರೇನೋ ಎಂಬ ಮಾತು ಅತ್ತೆಯ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಿದ್ದಳು.

ಬಾಗಿಲು ತೆಗೆದವಳು ಹುಡುಗಿ. ಮನೆಮಂದಿಯನ್ನೆಲ್ಲ ಆಳುತ್ತಾಳೆಂದು ಅಪ್ಪ ಅವಳಿಗೆ ಮೇಡಂ ಎಂದು ಹೆಸರಿಟ್ಟಿದ್ದ. ಅವಳ ಬೆನ್ನ ಹಿಂದಿನಿಂದ ಇಣುಕಿದವನು ಬಟಾಣಿ. ಹುಟ್ಟಿದಾಗ ಅಂಗೈಯಷ್ಟಿದ್ದ, ಈಗ ಕೆನ್ನೆ ಹೊಟ್ಟೆ ಎಲ್ಲ ತುಂಬಿಕೊಂಡಿದ್ದರೂ ಹೆಸರು ಹಾಗೇ ನಿಂತಿತ್ತು. ಅಮ್ಮ ಅಂಗಡಿಗೆ ಹೋಗಿಯಾಗಿತ್ತು. ಅಪ್ಪ ತನ್ನ ಅಕ್ಕನ ಮುಖವನ್ನು ಸರಿಯಾಗಿ ನೋಡದೆಯೇ ಚಪ್ಪಲಿ ಮೆಟ್ಟಿಕೊಂಡು, ಸ್ವಲ್ಪ ಕೆಲಸವಿದೆ ಎಂದು ಹೊರಬಿದ್ದ. ಪಡಸಾಲೆಯ ಮೂಲೆಯಲ್ಲಿ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಮಡಚಿ ಗೋಡೆಗೆ ಆನಿಸಿಟ್ಟಿದ್ದರು.

ಅಡುಗೆಮನೆಯಲ್ಲಿ ಮೇಡಂ ಆಗಲೇ ತಯಾರಿ ನಡೆಸಿದ್ದಳು. ಮೇಜಿನ ಹತ್ತಿರ ಸ್ಟೂಲು ಎಳೆದು, ಅದರ ಮೇಲೆ ಬಟಾಣಿಯನ್ನು ನಿಲ್ಲಿಸಿ, ಅಮ್ಮನ ಹಳೆಯ ದುಪಟ್ಟಾವನ್ನು ಅವನ ಕುತ್ತಿಗೆಗೆ ಕಟ್ಟಿದಳು.

"ಅತ್ತೆ, ಇವತ್ತು ನೀನು ಏನೂ ಮಾಡ್ಬೇಡ. ಎಲ್ಲಾ ಬಟಾಣಿನೇ ಮಾಡ್ಲಿ. ನಾನು ಹೇಳ್ಕೊಡ್ತೀನಿ."

ಅತ್ತೆಗೆ ಆಶ್ಚರ್ಯವಾಯಿತು. ಹೋದ ವರ್ಷ ನಕ್ಷತ್ರದ ಅಚ್ಚನ್ನು ಅವನು ಮುಟ್ಟಿದನೆಂದು ಇದೇ ಹುಡುಗಿ ಮನೆ ಹಾರಿಹೋಗುವಂತೆ ಕೂಗಾಡಿದ್ದಳು. ಈಗ ಆ ಅಚ್ಚನ್ನೇ ಅವನ ಕೈಗೆ ಕೊಟ್ಟು, ಅಂಚನ್ನು ಮೊದಲು ಮೈದಾದಲ್ಲಿ ಅದ್ದಬೇಕು, ಇಲ್ಲದಿದ್ದರೆ ಹಿಟ್ಟು ಅಂಟಿಕೊಳ್ಳುತ್ತದೆ ಎಂದು ತಿಳಿಸಿ ಹೇಳುತ್ತಿದ್ದಳು. ಹೇಳಿದ ಮೇಲೆ ಅವನ ಬಾಯಲ್ಲಿ ಹೇಳಿಸುತ್ತಿದ್ದಳು. ಬೆಣ್ಣೆ ಸಕ್ಕರೆ ಎಷ್ಟು ಹೊತ್ತು ತಿರುವಬೇಕು? ಬೆಳ್ಳಗಾಗುವ ತನಕ. ಹಿಟ್ಟು ಎಷ್ಟು ದಪ್ಪ ಲಟ್ಟಿಸಬೇಕು? ನನ್ನ ಬೆರಳಷ್ಟು. ಯಾರ ಬೆರಳು? ನನ್ನದಲ್ಲ, ಅಮ್ಮನದು. ಬಟಾಣಿಗೆ ಇದೊಂದು ಆಟ. ಪ್ರತಿ ಉತ್ತರಕ್ಕೂ ಒಂದು ಚೂರು ಹಿಟ್ಟು ಬಾಯಿಗೆ ಹಾಕಿಕೊಂಡು ಕಿಸಕ್ಕನೆ ನಗುತ್ತಿದ್ದ.

ಮೊದಲ ತಟ್ಟೆ ತುಂಬಿತು. ನಕ್ಷತ್ರಗಳು ಬಾತುಕೋಳಿಗಳ ಹಾಗೆ ಕಾಣುತ್ತಿದ್ದವು, ಗಂಟೆಗಳು ಯಾವುದರ ಹಾಗೂ ಕಾಣುತ್ತಿರಲಿಲ್ಲ. ಅತ್ತೆ ತಟ್ಟೆಯನ್ನು ಓವನ್ನಿಗೆ ಇಟ್ಟು ಬಾಗಿಲು ಮುಚ್ಚಿದಳು.

"ಇದನ್ನ ಮಾತ್ರ ನೀನು ಮುಟ್ಟಂಗಿಲ್ಲ" ಎಂದಳು ಮೇಡಂ. "ಅಮ್ಮನ್ನೇ ಕರೀಬೇಕು. ಅಮ್ಮ ಸುಸ್ತಾಗಿ ಮಲಗಿದ್ರೆ ಏಳೋವರ್ಗೂ ಕಾಯ್ಬೇಕು. ಏನ್ ಮಾಡ್ಬೇಕು?"

"ಕಾಯ್ಬೇಕು."

ಬಟ್ಟಲು ತೊಳೆಯುತ್ತಿದ್ದ ಅತ್ತೆಯ ಕೈ ಅಲ್ಲೇ ನಿಂತಿತು. ನಲ್ಲಿ ಸುಮ್ಮನೆ ಸುರಿಯುತ್ತಿತ್ತು. ಹಬ್ಬದ ಬಿಸ್ಕತ್ತಿಗೆ ಓವನ್ ಹಚ್ಚಲು ಪ್ರತಿ ವರ್ಷ ತಾನು ಬರುವಾಗ ಅಮ್ಮ ಏಳುವುದನ್ನು ಇವನೊಬ್ಬನೇ ಏಕೆ ಕಾಯಬೇಕು ಎಂದು ಕೇಳಲು ಬಾಯಿ ತೆರೆದಳು. ಕೇಳಿದರೆ ಉತ್ತರ ಬಂದುಬಿಡುತ್ತದೆ ಎಂದು ಹೆದರಿ ಮುಚ್ಚಿದಳು.

ಎರಡನೆಯ ತಟ್ಟೆಯ ಹೊತ್ತಿಗೆ ಬಟಾಣಿಗೆ ಪಾಠ ಸಾಕಾಯಿತು. ಹಿಟ್ಟನ್ನು ಉದ್ದಕ್ಕೆ ಉರುಳಿಸಿ ಹಾವು ಮಾಡಿದ, ಹಾವಿಗೆ ಬುಸ್ ಎನ್ನಿಸಿದ, ಅದನ್ನು ಅಕ್ಕನ ತೋಳಿನ ಮೇಲೆ ಹತ್ತಿಸಿದ. ಮೇಡಂ ಒಂದು ಸಲ ಬೇಡ ಎಂದಳು. ಇನ್ನೊಂದು ಸಲ ಎಂದಳು. ಮೂರನೆಯದಕ್ಕೆ ಅವನ ಕೈಗೆ ಪಟಾರನೆ ಬಾರಿಸಿದಳು. ಅವನು ಉಸಿರು ಕಟ್ಟಿ ಅಳತೊಡಗಿದ. ಅತ್ತೆ ಗದರಿಸುವ ಮೊದಲೇ ಹುಡುಗಿ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು.

ಬಟಾಣಿಯ ಮುಂದೆ ಸಕ್ಕರೆ ಕಾಳಿನ ಡಬ್ಬಿಯನ್ನೇ ಸುರಿದು ಅತ್ತೆ ಬಚ್ಚಲ ಬಾಗಿಲಿಗೆ ಬಂದಳು. ಬಹಳ ಕರೆದ ಮೇಲೆ ಚಿಲಕ ತೆರೆಯಿತು. ಹುಡುಗಿ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಉಗುರಿನ ಸಂದಿಯ ಹಿಟ್ಟನ್ನು ಕೀಳುತ್ತಿದ್ದಳು.

"ಅವ್ನಿಗೆ ಏನೂ ಬರಲ್ಲ ಅತ್ತೆ. ಅಂಗಿ ಗುಂಡಿ ಹಾಕೋಕೆ ಈಗ ಬಂತು. ಬೂಟು ಇನ್ನೂ ಉಲ್ಟಾನೇ ಹಾಕ್ತಾನೆ."

"ಚಿಕ್ಕೋನಲ್ವಾ, ನಿಧಾನಕ್ಕೆ ಕಲೀತಾನೆ."

"ನಿಧಾನಕ್ಕೆ ಆಗಲ್ಲ."

ಆಮೇಲೆ ಎಲ್ಲ ಹೇಳಿದಳು. ಶಾಲೆಗೆ ರಜ ಸಿಗುವುದಕ್ಕೆ ಮುಂಚೆ ಒಂದು ದಿನ ಕಾರಿನಲ್ಲಿ ಬರುವಾಗ, ಮಕ್ಕಳು ಮಲಗಿದ್ದಾರೆಂದುಕೊಂಡು, ಯಾರು ಯಾರ ಜೊತೆ ಇರುವುದೆಂದು ಅಪ್ಪ ಅಮ್ಮ ಮಾತಾಡಿಕೊಂಡಿದ್ದರು. ಹಿಂದಿನ ಸೀಟಿನಲ್ಲಿ ಬಟಾಣಿ ನಿಜವಾಗಿ ಮಲಗಿದ್ದ, ಇವಳು ಕಣ್ಣು ಮುಚ್ಚಿದ್ದಳು ಅಷ್ಟೆ. ಅಂದಿನಿಂದ ಅವನಿಗೆ ಒಂದೊಂದಾಗಿ ಕಲಿಸುತ್ತಿದ್ದಾಳೆ. ಅಮ್ಮನಿಗೆ ತಲೆನೋವು ಬಂದರೆ ಟಿವಿಯ ಸದ್ದು ಕಡಿಮೆ ಮಾಡಬೇಕು, ಗುರುತಿಲ್ಲದವರು ಬಂದರೆ ಬಾಗಿಲು ತೆಗೆಯಬಾರದು, ಕತ್ತಲೆಗೆ ಹೆದರಿಕೆಯಾದರೆ ಗೋಡೆಯ ಕಡೆ ತಿರುಗಿ ಮಲಗಬೇಕು. ಇಷ್ಟು ದಿನ ಹೆದರಿದಾಗ ಅವನು ಇವಳ ಹಾಸಿಗೆಗೇ ಬರುತ್ತಿದ್ದ. ಹಬ್ಬದ ಬಿಸ್ಕತ್ತು ಕಡೆಗೆ ಉಳಿದಿತ್ತು. ಮುಂದಿನ ವರ್ಷ ಅವನೊಬ್ಬನೇ ಮಾಡಬೇಕಲ್ಲ.

ಅತ್ತೆ ಒದ್ದೆ ನೆಲದ ಮೇಲೆ ಕುಸಿದು ಕೂತಳು. ಅಪ್ಪನ ಜೊತೆ ಹೋಗುವುದಕ್ಕೆ ನಿನಗೆ ಇಷ್ಟವೇ ಎಂದು ಕೇಳಿದಳು.

"ಅಪ್ಪಂಗೂ ಒಬ್ರು ಬೇಕಲ್ಲತ್ತೆ. ಇಲ್ದಿದ್ರೆ ಅಲ್ಲಿ ಯಾರ ಜೊತೆ ಮಾತಾಡ್ತಾರೆ?"

ಅಷ್ಟರಲ್ಲಿ ಕಮಟು ವಾಸನೆ ಬಂತು. ಇಬ್ಬರೂ ಓಡಿದರು. ಅಡುಗೆಮನೆ ತುಂಬ ಹೊಗೆ. ಬಟಾಣಿ ಸ್ಟೂಲಿನ ಮೇಲೆ ಕೈಕಟ್ಟಿಕೊಂಡು, ಹೊಗೆಗೆ ಕಣ್ಣು ಮಿಟುಕಿಸುತ್ತ, ಕದಲದೆ ನಿಂತಿದ್ದ.

"ನಾನು ಓವನ್ ಮುಟ್ಲಿಲ್ಲ" ಎಂದ. "ಕಾಯ್ತಿದ್ದೆ."

ಮೇಡಂ ಅವನನ್ನು ತಬ್ಬಿಕೊಂಡಾಗ ಅವಳಿಗೆ ತಡೆಯಲಾಗಲಿಲ್ಲ. ಅಕ್ಕ ಅಳುವುದನ್ನು ಕಂಡು ಅವನೂ ಅತ್ತ. ಬಿಸ್ಕತ್ತು ಸುಟ್ಟಿದ್ದಕ್ಕೆ ಇಷ್ಟು ಅಳಬೇಡ, ಇನ್ನೂ ಹಿಟ್ಟಿದೆ ಎಂದು ಅವನೇ ಅವಳನ್ನು ಸಮಾಧಾನ ಮಾಡಿದ.

ಸಂಜೆ ಅಪ್ಪ ಅಮ್ಮ ಇಬ್ಬರೂ ಮನೆಗೆ ಬಂದ ಮೇಲೆ ಅತ್ತೆ ಮಕ್ಕಳ ಕೈಗೆ ಒಂದು ತಟ್ಟೆ ಬಿಸ್ಕತ್ತು ಕೊಟ್ಟು ಕೆಳಗಿನ ಮನೆಗೆ ಕಳಿಸಿದಳು. ಬಾಗಿಲು ಮುಚ್ಚಿ ಬಂದು, ಮಗಳಿಗೆ ಎಲ್ಲ ಗೊತ್ತಿದೆ ಎಂದಳು. ಬಚ್ಚಲಲ್ಲಿ ಕೇಳಿದ್ದನ್ನೆಲ್ಲ ಬಿಡದೆ ಹೇಳಿದಳು. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಪ್ಪ ಕಿಟಕಿಯ ಹತ್ತಿರ ಬೆನ್ನು ಮಾಡಿ ನಿಂತ.

ಮಧ್ಯಾಹ್ನವೆಲ್ಲ ಉಳಿದ ಹಿಟ್ಟನ್ನು ಲಟ್ಟಿಸುತ್ತ ಅತ್ತೆ ಯೋಚಿಸಿಟ್ಟುಕೊಂಡಿದ್ದ ಮಾತು ಒಂದಿತ್ತು. ಅವಳಿರುವುದು ಒಂದು ಕೋಣೆಯಲ್ಲಿ, ಒಬ್ಬಳೇ. ಮದುವೆ ಮಾಡಿಕೊಂಡವಳಲ್ಲ. ಹೊಲಿಗೆ ಯಂತ್ರ ಎಲ್ಲಿಟ್ಟರೂ ಓಡುತ್ತದೆ. ಈ ಮನೆಗೇ ಬಂದು ಇದ್ದುಬಿಡುತ್ತೇನೆ, ತಾಯಿ ಅಂಗಡಿಗೆ ಹೋದಾಗ ಮಕ್ಕಳನ್ನು ನೋಡಿಕೊಳ್ಳುತ್ತೇನೆ, ಅವರಿಬ್ಬರನ್ನು ಮಾತ್ರ ಬೇರೆ ಮಾಡಬೇಡಿ ಎಂದಳು.

ಅಪ್ಪ ತಿರುಗಿದ. ತನ್ನ ತಾಯಿ ಸತ್ತಾಗ ಅವನಿಗೆ ಬಟಾಣಿಯಷ್ಟೇ ವಯಸ್ಸು. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಈ ಅಕ್ಕನೇ.

"ನೀನು ಯಾರ ಕಡೆಯಕ್ಕ?"

"ಮಕ್ಕಳ ಕಡೆ ಕಣೋ."

"ಅಂದ್ರೆ ಹೆಂಡ್ತಿ ಇಲ್ಲ, ಮಕ್ಕಳಿಲ್ಲ, ಈಗ ನೀನೂ ಇಲ್ಲ. ನಾನು ಒಬ್ನೇ ಹೋಗ್ಬೇಕು."

ನೀನೂ ರಜಾದಲ್ಲಿ ಬಾ, ಮಕ್ಕಳೂ ಬರುತ್ತಾರೆ ಎಂದೇನೋ ಅತ್ತೆ ತೊದಲಿದಳು. ಅಮ್ಮ, ಎಷ್ಟೋ ದಿನಗಳ ಮೇಲೆ ಗಂಡನ ಮುಖ ನೋಡಿ ಮಾತಾಡುತ್ತ, ಮಗಳನ್ನು ಬಿಟ್ಟುಕೊಡುವುದಕ್ಕೆ ನನಗೆ ಯಾವತ್ತೂ ಮನಸ್ಸಿರಲಿಲ್ಲ, ದಾರಿ ಕಾಣದೆ ಒಪ್ಪಿದ್ದೆ ಎಂದಳು. ಅವನು ಜಗಳ ಆಡಲಿಲ್ಲ. ಮೆಟ್ಟಿಲ ಮೇಲೆ ಮಕ್ಕಳ ಸದ್ದು ಕೇಳಿಸಿದಾಗ, ಮಗಳು ಇಲ್ಲೇ ಇರಲಿ ಎಂದ.

ಹಬ್ಬ ಆಯಿತು. ಎಲ್ಲರೂ ಬಿಸ್ಕತ್ತು ತಿಂದರು, ಎಲ್ಲರೂ ಚೆನ್ನಾಗಿದೆ ಎಂದರು. ಹೊಸ ವರ್ಷಕ್ಕೆ ಮುಂಚೆ ಅಪ್ಪ ಹೊರಟ. ರಟ್ಟಿನ ಪೆಟ್ಟಿಗೆಗಳಲ್ಲಿ ಅರ್ಧ ಬೇಕಾಗಲೇ ಇಲ್ಲ. ಬಟಾಣಿ ಕೈ ಬೀಸಿದ. ಮೇಡಂ ಅಪ್ಪನ ಅಂಗಿಯ ತುದಿ ಹಿಡಿದುಕೊಂಡವಳು ಬಿಡಲೇ ಇಲ್ಲ. ಅವನೇ ಒಂದೊಂದು ಬೆರಳನ್ನು ಬಿಡಿಸಬೇಕಾಯಿತು. ತನ್ನ ಅಕ್ಕನಿಗೆ ಹೋಗಿಬರುತ್ತೇನೆ ಎಂದು ಅವನು ಹೇಳಲಿಲ್ಲ.

ಅತ್ತೆ ತನ್ನ ಯಂತ್ರದೊಡನೆ ಬಂದು ಪಡಸಾಲೆಯ ಮೂಲೆ ಸೇರಿದಳು. ರಾತ್ರಿ ಹೆದರಿದಾಗ ಬಟಾಣಿ ಮೊದಲಿನಂತೆ ಅಕ್ಕನ ಹಾಸಿಗೆಗೆ ಹೋಗುತ್ತಾನೆ. ಅದನ್ನು ನೋಡಿದಾಗ ಅತ್ತೆಗೆ ತಾನು ಮಾಡಿದ್ದು ಸರಿ ಎನ್ನಿಸುತ್ತದೆ. ಆದರೆ ಹುಡುಗಿ ಈಗ ಯಾರನ್ನೂ ಆಳುವುದಿಲ್ಲ. ಹೇಳಿದ್ದು ಮಾಡುತ್ತಾಳೆ, ಹಾಕಿದ್ದು ಉಣ್ಣುತ್ತಾಳೆ. ಮೇಡಂ ಎಂದರೆ ತಿರುಗಿ ನೋಡುವುದನ್ನೇ ಬಿಟ್ಟಿದ್ದಾಳೆ. ಒಂದು ದಿನ ತಲೆ ಬಾಚುವಾಗ ಅತ್ತೆ, ನನ್ನ ಮೇಲೆ ಕೋಪವೇನೇ ಎಂದು ಕೇಳಿದಳು. ಇಲ್ಲ ಎಂದಳು ಹುಡುಗಿ. ಜಡೆ ಹಾಕಿ ಮುಗಿಯುವ ಹೊತ್ತಿಗೆ, ಅಪ್ಪ ಈಗ ಒಬ್ಬರೇ ಊಟ ಮಾಡುತ್ತಿರುತ್ತಾರೆ ಎಂದಳು.

ಕಾರ್ಖಾನೆಗೆ ರಜ ಇರುವ ದಿನ ಅಪ್ಪ ಫೋನ್ ಮಾಡುತ್ತಾನೆ. ಮೊದಲು ಬಟಾಣಿ ಬೂಟಿನ ಸುದ್ದಿ ಹೇಳುತ್ತಾನೆ, ಆಮೇಲೆ ಹುಡುಗಿ ಫೋನ್ ಹಿಡಿದು ಕಿಟಕಿಗೆ ಹೋಗುತ್ತಾಳೆ. ಏನು ತಿಂದಿರಿ, ಯಾರು ಮಾಡಿದರು, ಬಿಸಿ ಇತ್ತಾ ಎಂದು ಸಣ್ಣ ದನಿಯಲ್ಲಿ ವಿಚಾರಿಸುತ್ತಾಳೆ. ಅವಳ ಮಾತು ಕೇಳಿಸಲಿ ಎಂದು ಅತ್ತೆ ಹೊಲಿಗೆ ನಿಲ್ಲಿಸುತ್ತಾಳೆ.

ಹೋದ ವಾರ ಮಾತು ಮುಗಿಯುವಾಗ ಹುಡುಗಿ, "ಅತ್ತೆಗೆ ಕೊಡ್ಲಾ ಅಪ್ಪ?" ಎಂದಳು. ಅತ್ತೆ ಎದ್ದು ನಿಂತಿದ್ದಳು, ಕೈಯನ್ನು ಸೀರೆಗೆ ಒರೆಸಿಕೊಂಡಿದ್ದಳು. ಹುಡುಗಿ ಆ ಕಡೆಯ ಮಾತು ಕೇಳಿಸಿಕೊಂಡು ಫೋನ್ ಕೆಳಗಿಟ್ಟಳು.

"ಅಪ್ಪಂಗೆ ಕೆಲಸಕ್ಕೆ ಹೊತ್ತಾಯ್ತಂತೆ."

ಅಂದು ಭಾನುವಾರವೆಂದು ಇಬ್ಬರಿಗೂ ಗೊತ್ತಿತ್ತು. ಆಗಲಿ ಬಿಡು ಎಂದು ಅತ್ತೆ ಕೂತಳು. ಹುಡುಗಿ ಹತ್ತಿರ ಬಂದು, ಯಂತ್ರದಿಂದ ನೆಲಕ್ಕೆ ಜಾರುತ್ತಿದ್ದ ಪರದೆಯ ತುದಿಯನ್ನು ಎತ್ತಿ ಹಿಡಿದುಕೊಂಡಳು.